ಬ್ಯಾಲೆನ್ಸ್ ಬಾಡಿಗೆಗೂ ಒಂದು ತಾರೀಖು ಗೊತ್ತುಮಾಡಿ: ಕೇಂದ್ರ ರಸ್ತೆ ಸಾರಿಗೆ ಸಚಿವರಿಗೆ ಲಾರಿ ಚಾಲಕನೊಬ್ಬನ ಬಹಿರಂಗ ಪತ್ರ

ಮಾನ್ಯ ಸಚಿವರೇ,

ನಾನು ಹತ್ತೊಂಬತ್ತು ವರ್ಷಗಳಿಂದ ಲಾರಿ ಓಡಿಸುತ್ತಿದ್ದೇನೆ. ಮೊದಲ ಹನ್ನೊಂದು ವರ್ಷ ಬೇರೆಯವರ ಗಾಡಿಯಲ್ಲಿ ಸಂಬಳಕ್ಕಿದ್ದೆ. ಆಮೇಲೆ ಸಾಲ ಮಾಡಿ ಹತ್ತು ಚಕ್ರದ ಲಾರಿಯೊಂದನ್ನು ಕೊಂಡೆ, ಅಂದಿನಿಂದ ಅದರ ಮಾಲೀಕನೂ ನಾನೇ, ಚಾಲಕನೂ ನಾನೇ. ಈ ಎಂಟು ವರ್ಷಗಳಲ್ಲಿ ಬ್ರೋಕರ್‌ಗಳು ಕೊಡಿಸಿದ ಲೋಡುಗಳ ಬ್ಯಾಲೆನ್ಸ್ ಬಾಡಿಗೆ, ಅಂದರೆ ಅಡ್ವಾನ್ಸ್ ಕಳೆದು ಉಳಿದ ಬಾಡಿಗೆ, ಹೇಳಿದ ದಿನಕ್ಕೆ, ಹೇಳಿದಷ್ಟೇ ಮೊತ್ತವಾಗಿ ನನ್ನ ಕೈಸೇರಿದ ಸಂದರ್ಭಗಳನ್ನು ಬೆರಳಲ್ಲಿ ಎಣಿಸಬಹುದು. ಇಷ್ಟು ವರ್ಷ ಸುಮ್ಮನಿದ್ದುದಕ್ಕೆ ಕಾರಣ, ಇವತ್ತು ಜಗಳವಾಡಿದರೆ ನಾಳೆ ವಾಪಸು ಬರುವಾಗಿನ ರಿಟರ್ನ್ ಲೋಡ್ ಸಿಗುವುದಿಲ್ಲ ಎಂಬ ಭಯ. ಆ ಭಯ ಈಗಲೂ ಇದೆ, ಆದರೂ ಬರೆಯುತ್ತಿದ್ದೇನೆ.

ಕಾಯ್ದೆಯನ್ನು ತಮಗೆ ನಾನು ಓದಿ ಹೇಳಬೇಕಾಗಿಲ್ಲ. 1865ರ ಹಳೆಯ ಕಾನೂನನ್ನು ತೆಗೆದು, 2007ರಲ್ಲಿ ಸಂಸತ್ತು ಮಾಡಿದ ರಸ್ತೆ ಮೂಲಕ ಸರಕು ಸಾಗಣೆ ಕಾಯ್ದೆಯನ್ನು 2011ರ ಮಾರ್ಚ್ 1ರಿಂದ ಜಾರಿಗೆ ತಂದದ್ದು ತಮ್ಮ ಸಚಿವಾಲಯವೇ. ಸರಕು ಸಾಗಣೆದಾರ ಎಂದರೆ ಯಾರು ಎಂದು ಹೇಳುವಲ್ಲಿ ಆ ಕಾಯ್ದೆ ಏಜೆಂಟ್ ಮತ್ತು ಬ್ರೋಕರ್ ಎಂಬ ಪದಗಳನ್ನು ಬಿಡಿಸಿ ಬರೆದಿದೆ. ನೋಂದಣಿ ಇಲ್ಲದೆ ಈ ವ್ಯವಹಾರವನ್ನು ಯಾರೂ ನಡೆಸಕೂಡದು ಎಂದು ಮೂರನೆಯ ಕಲಮು ಹೇಳುತ್ತದೆ. 1988ರ ಮೋಟಾರು ವಾಹನ ಕಾಯ್ದೆಯ 93ನೆಯ ಕಲಮು ಕೂಡ ಸರಕು ಸಂಗ್ರಹಿಸಿ ಲಾರಿಗಳ ಮೂಲಕ ಕಳಿಸುವ ಏಜೆಂಟರಿಗೆ ಲೈಸೆನ್ಸ್ ಕಡ್ಡಾಯ ಎನ್ನುತ್ತದೆ. ಎರಡು ಕಾಯ್ದೆಗಳು ಒಂದೇ ಮಾತನ್ನು ಹೇಳುತ್ತಿರುವಾಗ, ನಾನು ವ್ಯವಹಾರ ಮಾಡಿದ ಬ್ರೋಕರ್‌ಗಳಲ್ಲಿ ಒಬ್ಬನ ಕಚೇರಿಯ ಗೋಡೆಯ ಮೇಲಾದರೂ ನೋಂದಣಿ ಪತ್ರವನ್ನು ನಾನೇಕೆ ಕಂಡಿಲ್ಲ? ಒಂದು ಮೇಜು, ಎರಡು ಫೋನು, ಒಂದು ರಸೀದಿ ಪುಸ್ತಕ ಇದ್ದರೆ ಸಾಕು, ಬ್ರೋಕರ್ ಆಗಬಹುದು. ಆ ಮೇಜು ಒಂದು ದಿನ ಅಲ್ಲಿರುವುದಿಲ್ಲ, ಫೋನು ಸ್ವಿಚ್ ಆಫ್ ಆಗಿರುತ್ತದೆ, ಬ್ಯಾಲೆನ್ಸ್ ಅಲ್ಲಿಗೆ ಮುಗಿಯಿತು.

ನನಗಾದದ್ದನ್ನು ಸ್ವಲ್ಪ ವಿವರವಾಗಿ ಹೇಳಲು ಅವಕಾಶ ಕೊಡಿ. ಕಳೆದ ಮಳೆಗಾಲದಲ್ಲಿ ಬ್ರೋಕರ್ ಒಬ್ಬರು ಪಶು ಆಹಾರದ 360 ಚೀಲಗಳ ಲೋಡ್ ಕೊಡಿಸಿದರು. ಹೊರರಾಜ್ಯದ ಗೋದಾಮಿಗೆ ಹೋಗಬೇಕಿತ್ತು. ಬಾಡಿಗೆ 46,000 ರೂಪಾಯಿ ಎಂದು ಬಾಯಿಮಾತಿನಲ್ಲಿ ಒಪ್ಪಿದೆವು. ಅಡ್ವಾನ್ಸ್ 30,000, ಉಳಿದ 16,000 ಸರಕು ಮುಟ್ಟಿದ ರಸೀದಿ ತಲುಪಿದ ಮೂರನೆಯ ದಿನ. ಅಡ್ವಾನ್ಸ್ ಕೊಡುವಾಗಲೇ ಕಮಿಷನ್ ಎಂದು 2,000 ಹಿಡಿದುಕೊಂಡರು. ತೆರಿಗೆ ಎಂದು ಶೇಕಡಾ ಒಂದರಂತೆ 460 ರೂಪಾಯಿ ಕಡಿದರು. ಹತ್ತಕ್ಕಿಂತ ಹೆಚ್ಚು ಸರಕು ವಾಹನ ಇಲ್ಲದವನು ಪ್ಯಾನ್ ಸಂಖ್ಯೆಯೊಂದಿಗೆ ಘೋಷಣೆ ಬರೆದುಕೊಟ್ಟರೆ ಬಾಡಿಗೆಯಲ್ಲಿ ತೆರಿಗೆ ಕಡಿಯಬೇಕಾಗಿಲ್ಲ ಎಂಬ ನಿಯಮ ಇದ್ದದ್ದು ನನಗೆ ಗೊತ್ತಿತ್ತು. ಘೋಷಣೆಯನ್ನು ಬರೆದೂ ಕೊಟ್ಟಿದ್ದೆ. ಕಡಿದ ಹಣ ನನ್ನ ಹೆಸರಿನಲ್ಲಿ ಎಲ್ಲಿಯೂ ಜಮೆಯಾಗಿಲ್ಲ.

ಗೋದಾಮಿನ ಮುಂದೆ ನಾಲ್ಕು ಹಗಲು ನಾಲ್ಕು ರಾತ್ರಿ ನಿಂತೆ. ಮೊದಲ ದಿನ ಹಮಾಲರಿಲ್ಲ ಎಂದರು, ಎರಡನೆಯ ದಿನ ಜಾಗವಿಲ್ಲ ಎಂದರು, ಮೂರನೆಯ ದಿನ ಯಾರೂ ಏನನ್ನೂ ಹೇಳಲಿಲ್ಲ. ಟಾರ್ಪಾಲಿನ ಮೇಲೆ ಮಳೆ ಸುರಿಯುತ್ತಿತ್ತು; ನಾನು ಗಾಡಿ ಬಿಟ್ಟು ಹೋಗುವಂತಿರಲಿಲ್ಲ, ಗೇಟಿನ ಒಳಗಿನ ಶೌಚಾಲಯಕ್ಕೆ ಚಾಲಕರಿಗೆ ಪ್ರವೇಶವಿರಲಿಲ್ಲ. ಕಾಯಿಸಿದ್ದಕ್ಕೆ ಕೊಡಬೇಕಾದ ಹಾಲ್ಟಿಂಗ್ ಹಣದ ಮಾತೆತ್ತಿದರೆ ಬ್ರೋಕರ್ ಸರಕು ಕಳಿಸಿದ ಪಾರ್ಟಿಯನ್ನು ಕೇಳು ಎನ್ನುತ್ತಿದ್ದರು, ಪಾರ್ಟಿಯವರು ಬ್ರೋಕರ್‌ನನ್ನು ಕೇಳು ಎನ್ನುತ್ತಿದ್ದರು. ಐದನೆಯ ದಿನ ಲೋಡ್ ಇಳಿಸಿದ ಮೇಲೆ ಐದು ಚೀಲ ಕಡಿಮೆ ಎಂದು ರಸೀದಿಯ ಮೇಲೆ ಬರೆದರು. ಲೋಡ್ ಮಾಡುವಾಗ ಚೀಲ ಎಣಿಸಲು ನನ್ನನ್ನು ಒಳಗೆ ಬಿಟ್ಟಿರಲಿಲ್ಲ. ಎಣಿಸಿದವನು ಬ್ರೋಕರ್ ಕಡೆಯ ಗುಮಾಸ್ತ. ಹೊರಟ ಕಡೆಯ ತೂಕದ ಚೀಟಿಗೂ ಮುಟ್ಟಿದ ಕಡೆಯ ತೂಕದ ಚೀಟಿಗೂ ಹತ್ತು ಕಿಲೋ ವ್ಯತ್ಯಾಸವಿರಲಿಲ್ಲ. ಐದು ಚೀಲ ಎಂದರೆ 250 ಕಿಲೋ, ಸಚಿವರೇ. ಅಷ್ಟು ತೂಕ ಕಡಿಮೆಯಾಗಿದ್ದರೆ ಕಾಟಾ ಅದನ್ನು ತೋರಿಸದೆ ಇರುತ್ತಿತ್ತೇ? ಎರಡೂ ಚೀಟಿಗಳನ್ನು ಮೇಜಿನ ಮೇಲಿಟ್ಟು ಕೇಳಿದೆ. ಬ್ರೋಕರ್ ಅವನ್ನು ನನ್ನ ಕಡೆಗೇ ತಳ್ಳಿ, ಶಾರ್ಟೇಜ್ ಮುರಿದು ಪಾರ್ಟಿ ದುಡ್ಡು ಹಾಕಿದ ಮೇಲೆ ನೋಡೋಣ ಎಂದರು. ಏಳು ತಿಂಗಳಾದವು. 16,000 ರೂಪಾಯಿಯಲ್ಲಿ ಒಂದು ರೂಪಾಯಿಯೂ ಬಂದಿಲ್ಲ.

ಈ ನಡುವೆ ಸರಕು ಕಳಿಸಿದ ಪಾರ್ಟಿಯ ಲೆಕ್ಕಿಗರನ್ನೇ ಹೋಗಿ ಕಂಡೆ. ಅವರು ಕಡತ ತೆರೆದು, ನಾವು ಪೂರ್ತಿ ಬಾಡಿಗೆಯನ್ನು ಆವತ್ತೇ ಕೊಟ್ಟಾಗಿದೆಯಲ್ಲ ಎಂದು ಬಿಲ್ಲು ತೋರಿಸಿದರು. ಅದರಲ್ಲಿದ್ದ ಮೊತ್ತ 63,000 ರೂಪಾಯಿ. ಶಾರ್ಟೇಜ್ ಎಂದು ಅವರು ಏನನ್ನೂ ಮುರಿದುಕೊಂಡಿರಲಿಲ್ಲ. ನನ್ನಿಂದ ಕಮಿಷನ್ ಪಡೆದವರು, ನನಗೆ ತಿಳಿಯದಂತೆ ನಡುವೆ ಇನ್ನೂ 17,000 ಉಳಿಸಿಕೊಂಡು, ಅದರ ಮೇಲೆ ನನ್ನ 16,000ವನ್ನೂ ಹಿಡಿದಿಟ್ಟುಕೊಂಡಿದ್ದರು. ಆ ತಿಂಗಳು ನಾನು ಲಾರಿಯ ಕಂತು ಕಟ್ಟಲಾಗದೆ ಹೆಂಡತಿಯ ಬಳೆ ಅಡವಿಟ್ಟಿದ್ದೆ. ಬಿಲ್ಲನ್ನು ನೋಡಿದ ಆ ಹೊತ್ತಿನ ಕೋಪ ಇನ್ನೂ ತಣಿದಿಲ್ಲ. ಈ ಪತ್ರದಲ್ಲಿ ಎಲ್ಲಿಯಾದರೂ ಮಾತು ಒರಟಾಗಿದ್ದರೆ ಅದಕ್ಕೆ ಕಾರಣ ಅದು.

ಪೊಲೀಸ್ ಠಾಣೆಗೆ ಹೋದೆ, ಸಿವಿಲ್ ವ್ಯಾಜ್ಯ ಎಂದರು. ವಕೀಲರನ್ನು ಕೇಳಿದೆ, ಬರಹದಲ್ಲಿ ಏನಿದೆ ಎಂದರು. ಸಾರಿಗೆ ಕಚೇರಿಗೆ ಹೋಗಿ, ಈ ಬ್ರೋಕರ್ ನೋಂದಾಯಿತರೇ ಎಂದಷ್ಟೇ ಕೇಳಿದೆ. ಅದನ್ನು ಕೇಳಿಕೊಂಡು ಈವರೆಗೆ ಯಾರೂ ಬಂದಿಲ್ಲ ಎಂಬ ಉತ್ತರ ಸಿಕ್ಕಿತು. ಸೂಕ್ಷ್ಮ, ಸಣ್ಣ ಉದ್ಯಮಗಳಿಗಾಗಿ ಮಾಡಿದ 2006ರ ಕಾಯ್ದೆಯ ಪ್ರಕಾರ ನೋಂದಾಯಿತ ಸಣ್ಣ ಉದ್ಯಮಿಯ ಬಾಕಿಯನ್ನು ಹೆಚ್ಚೆಂದರೆ 45 ದಿನಗಳಲ್ಲಿ ಕೊಡಬೇಕು, ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಸೇರಿಸಬೇಕು. ಒಂದು ಲಾರಿಯವನೂ ಅಲ್ಲಿ ನೋಂದಾಯಿಸಿಕೊಳ್ಳಬಹುದು, ನಾನೂ ನೋಂದಾಯಿಸಿಕೊಂಡಿದ್ದೇನೆ. ಆದರೆ ಯಾವ ಮೊತ್ತಕ್ಕೆ, ಯಾವ ದಿನದಿಂದ ಎಂದು ತೋರಿಸುವ ಒಂದು ತುಂಡು ಕಾಗದವೂ ಇಲ್ಲದಿದ್ದರೆ 45 ದಿನಗಳನ್ನು ಎಲ್ಲಿಂದ ಎಣಿಸುವುದು?

ಅದಕ್ಕಾಗಿಯೇ ನಾನು ಕೇಳುತ್ತಿರುವುದು ಒಂದು ಚೀಟಿ. ಲೋಡ್ ತುಂಬುವ ಮೊದಲು ಬ್ರೋಕರ್ ಸಹಿ ಮಾಡಿದ ಬಾಡಿಗೆ ಚೀಟಿಯನ್ನು ಚಾಲಕನ ಕೈಗೆ ಅಥವಾ ಫೋನಿಗೆ ಕೊಡುವುದನ್ನು ಕಡ್ಡಾಯ ಮಾಡಿ. ಪಾರ್ಟಿ ಕೊಡುವ ಬಾಡಿಗೆ ಎಷ್ಟು, ಅದರಲ್ಲಿ ಬ್ರೋಕರ್ ಪಾಲು ಎಷ್ಟು, ಚಾಲಕನಿಗೆ ಎಷ್ಟು, ಅಡ್ವಾನ್ಸ್ ಎಷ್ಟು, ಬ್ಯಾಲೆನ್ಸ್ ಯಾವ ತಾರೀಖಿಗೆ, ಎಷ್ಟು ಗಂಟೆ ಕಾದ ಮೇಲೆ ಹಾಲ್ಟಿಂಗ್ ಎಷ್ಟು, ಇಷ್ಟು ಅದರಲ್ಲಿರಲಿ. 2007ರ ಕಾಯ್ದೆಯಲ್ಲಿ ಸರಕಿನ ಒಡೆಯನಿಗೆ ಸರಕು ರಸೀದಿ ಇದೆ. ಅವನ ಸರಕು ಕಳೆದರೆ, ಕೆಟ್ಟರೆ ಯಾರು ಹೊಣೆ ಎಂಬುದು ಬರಹದಲ್ಲಿದೆ. ಆ ಸರಕನ್ನು ಹೊತ್ತು ಹೋಗುವವನಿಗೆ ಬ್ರೋಕರ್ ಕೊಡಬೇಕಾದ ಹಣಕ್ಕೆ ಅಂಥ ಯಾವ ರಸೀದಿಯೂ ಇಲ್ಲ.

ನಮ್ಮ ಕಡೆಯ ತಪ್ಪುಗಳಿಗಂತೂ ಲೆಕ್ಕ ಬಹಳ ನಿಖರವಾಗಿದೆ. ಸಾಗಿಸುವ ಸರಕಿಗೆ ಇರಬೇಕಾದ ಜಿಎಸ್‌ಟಿ ದಾಖಲೆಯಾದ ಇ-ವೇ ಬಿಲ್ಲಿನಲ್ಲಿ 200 ಕಿಲೋಮೀಟರಿಗೆ ಒಂದು ದಿನ ಎಂದು ಚಾಲಕನ ಪ್ರಯಾಣವನ್ನು ಅಳೆದಿಟ್ಟಿದ್ದಾರೆ. ಗೋದಾಮಿನವರು ಎಷ್ಟು ದಿನದೊಳಗೆ ಲೋಡ್ ಇಳಿಸಿಕೊಳ್ಳಬೇಕು ಎಂದು ಯಾರೂ ಅಳೆದಿಲ್ಲ. ಓವರ್‌ಲೋಡ್ ಆದರೆ ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯ ಪ್ರಕಾರ 20,000 ರೂಪಾಯಿ ದಂಡ, ಹೆಚ್ಚಿನ ಪ್ರತಿ ಟನ್ನಿಗೆ ಮತ್ತೆ 2,000. ಓಡಿಸಿದವನು ಮಾತ್ರವಲ್ಲ, ಓಡಿಸಲು ಕಾರಣನಾದವನೂ ಹೊಣೆ ಎಂದು ಅದೇ ಕಲಮಿನಲ್ಲಿದೆ. ಇನ್ನೆರಡು ಟನ್ ಹಾಕಿಕೊಂಡರೆ ಮಾತ್ರ ಲೋಡ್, ಇಲ್ಲದಿದ್ದರೆ ಹಿಂದಿನ ಗಾಡಿಯವನು ಕಾಯುತ್ತಿದ್ದಾನೆ ಎಂದ ಬ್ರೋಕರ್‌ಗೆ ದಂಡ ಬಿದ್ದದ್ದನ್ನು ನಾನು ಕಂಡಿಲ್ಲ; ರಸ್ತೆಯಲ್ಲಿ ಸಿಗುವವನು ಚಾಲಕ, ದಂಡ ಕಟ್ಟುವವನೂ ಅವನೇ. ನೋಂದಣಿಯಿಲ್ಲದೆ ವ್ಯವಹಾರ ನಡೆಸಿದ ಬ್ರೋಕರ್‌ಗೆ 2007ರ ಕಾಯ್ದೆಯಲ್ಲಿರುವ ದಂಡ ಮೊದಲ ಸಲಕ್ಕೆ ಹೆಚ್ಚೆಂದರೆ 5,000 ರೂಪಾಯಿ. ನನ್ನ ಒಂದು ಲೋಡಿನಲ್ಲಿ ಅದರ ಮೂರು ಪಟ್ಟಿಗಿಂತ ಹೆಚ್ಚು ಉಳಿಸಿಕೊಂಡವರಿಗೆ ಆ ದಂಡದ ಭಯ ಏಕಿರಬೇಕು?

ಬ್ರೋಕರ್‌ಗಳೆಲ್ಲ ಮೋಸಗಾರರು ಎಂದು ನಾನು ಬರೆಯಲಾರೆ. ಗೊತ್ತಿಲ್ಲದ ಊರಿನಲ್ಲಿ ಖಾಲಿ ಲಾರಿ ನಿಲ್ಲಿಸಿಕೊಂಡವನಿಗೆ ಲೋಡ್ ಹುಡುಕಿಕೊಡುವವರು ಬೇಕೇ ಬೇಕು, ಆ ಕೆಲಸಕ್ಕೆ ಕೂಲಿಯೂ ಸಲ್ಲಬೇಕು. ಪಾರ್ಟಿಗಳು ಎರಡು ಮೂರು ತಿಂಗಳು ಹಣ ತಡೆದಾಗ ಕೈಯಿಂದ ಹಾಕಿ ನಮ್ಮನ್ನು ನಡೆಸಿದವರೂ ಇದ್ದಾರೆ. ನನಗೆ ಮೊದಲ ಲೋಡ್ ಕೊಟ್ಟ ಹಿರಿಯರೊಬ್ಬರು ಪಾರ್ಟಿಯ ಬಾಡಿಗೆಯನ್ನೂ ತಮ್ಮ ಕಮಿಷನ್ನನ್ನೂ ನನ್ನೆದುರೇ ಬಿಳಿ ಹಾಳೆಯ ಮೇಲೆ ಬರೆದು, ಕೆಳಗೆ ಬ್ಯಾಲೆನ್ಸ್ ತಾರೀಖು ಹಾಕಿ ಕೊಡುತ್ತಿದ್ದರು. ಆ ತಾರೀಖು ಒಮ್ಮೆಯೂ ತಪ್ಪಲಿಲ್ಲ. ಅವರು ತೀರಿಕೊಂಡ ಮೇಲೆ ಅಂಥ ಹಾಳೆಯನ್ನು ನಾನು ಕಂಡಿಲ್ಲ. ಅವರು ಸ್ವಂತ ಇಚ್ಛೆಯಿಂದ ಕೊಡುತ್ತಿದ್ದ ಹಾಳೆಯನ್ನೇ ಎಲ್ಲರೂ ಕೊಡುವಂತೆ ನಿಯಮ ಮಾಡಿ ಎಂಬುದಷ್ಟೇ ನನ್ನ ಬೇಡಿಕೆ.

ಇದು ಆಗದ ಮಾತಲ್ಲ. ವಾಣಿಜ್ಯ ಓದುತ್ತಿರುವ ನನ್ನ ಮಗಳು ಹುಡುಕಿ ತಿಳಿಸಿದಂತೆ, ಅಮೆರಿಕದಲ್ಲಿ ಸರಕು ಬ್ರೋಕರ್ ಆಗುವವರು 75,000 ಡಾಲರ್ ಮೊತ್ತದ ಭದ್ರತಾ ಬಾಂಡ್ ಅಥವಾ ನಿಧಿ ಇಡಬೇಕು. ಹಣ ಕೊಡದೆ ಹೋದರೆ ಚಾಲಕರು ಅದರಿಂದ ವಸೂಲಿಗೆ ಕೇಳಬಹುದು. ಪ್ರತಿ ಲೋಡಿನ ದಾಖಲೆಯನ್ನು ಮೂರು ವರ್ಷ ಕಾಪಾಡಬೇಕು, ಆ ವ್ಯವಹಾರದಲ್ಲಿದ್ದವರು ಕೇಳಿದರೆ ತೋರಿಸಬೇಕು. ಅಲ್ಲಿಯೂ ಎಲ್ಲವೂ ಸರಿಯಿಲ್ಲ. ದಾಖಲೆ ನೋಡುವ ಹಕ್ಕನ್ನು ಬಿಟ್ಟುಕೊಡುವಂತೆ ಒಪ್ಪಂದದಲ್ಲೇ ಬರೆಸಿಕೊಳ್ಳುವ ಬ್ರೋಕರ್‌ಗಳಿದ್ದಾರೆ, 2020ರ ಮೇ ತಿಂಗಳಲ್ಲಿ ಚಾಲಕರು ವಾಷಿಂಗ್ಟನ್‌ನಲ್ಲಿ ಲಾರಿಗಳನ್ನು ಸಾಲಾಗಿ ನಿಲ್ಲಿಸಿ ಪ್ರತಿಭಟಿಸಿದ್ದರು. ಹಾಗಾಗಿ ನಮ್ಮಲ್ಲಿ ನಿಯಮ ಮಾಡುವಾಗ, ಈ ಹಕ್ಕನ್ನು ಯಾವ ಒಪ್ಪಂದದಿಂದಲೂ ತೆಗೆದುಹಾಕುವಂತಿಲ್ಲ ಎಂಬ ಒಂದು ವಾಕ್ಯವನ್ನೂ ಸೇರಿಸಬೇಕೆಂದು ಕೋರುತ್ತೇನೆ.

2025ರ ಅಕ್ಟೋಬರ್ 1ರಿಂದ ತಯಾರಾಗುವ ಲಾರಿಗಳ ಕ್ಯಾಬಿನ್‌ಗೆ ಹವಾನಿಯಂತ್ರಣವನ್ನು ಕಡ್ಡಾಯ ಮಾಡಿದ್ದೀರಿ. ಬಿಸಿಲಲ್ಲಿ ಬೇಯುವ ಚಾಲಕನ ಬಗ್ಗೆ ಯೋಚಿಸಿದ್ದಕ್ಕೆ ಮನಸಾರೆ ಕೃತಜ್ಞನಾಗಿದ್ದೇನೆ. ಆದರೆ ಆ ಹೊಸ ಲಾರಿ ಕೊಳ್ಳುವ ಶಕ್ತಿ ನನಗೆ ಬರಬೇಕಾದರೆ ದುಡಿದ ಬಾಡಿಗೆ ಕೈಗೆ ಬರಬೇಕಲ್ಲವೇ?

ಆದ್ದರಿಂದ ಮತ್ತೆ ಕೇಳುತ್ತೇನೆ. ಬಾಡಿಗೆ ಚೀಟಿಯನ್ನು ಕಡ್ಡಾಯ ಮಾಡಿ. ಬ್ಯಾಲೆನ್ಸ್ ಕೊಡಲು ರಸೀದಿ ತಲುಪಿದ ದಿನದಿಂದ ಹದಿನೈದು ದಿನಗಳ ಗಡುವು ಹಾಕಿ. ನೋಂದಾಯಿತ ಬ್ರೋಕರ್‌ಗಳ ಹೆಸರುಗಳನ್ನು ಯಾವ ಚಾಲಕನಾದರೂ ತನ್ನ ಫೋನಿನಲ್ಲಿ ನೋಡುವಂತೆ ಪ್ರಕಟಿಸಿ, ನೋಂದಣಿಗೆ ಠೇವಣಿ ಇಡಿಸಿ. ನೋಂದಣಿ ಪ್ರಾಧಿಕಾರವಾಗಿರುವ ಸಾರಿಗೆ ಪ್ರಾಧಿಕಾರಗಳಲ್ಲಿ ಚಾಲಕರ ದೂರು ಪಡೆಯಲು ಒಬ್ಬ ಅಧಿಕಾರಿಯನ್ನಾದರೂ ಗೊತ್ತುಮಾಡಿ. ಬೇರೆ ಯಾವುದೂ ಆಗದಿದ್ದರೆ ಚೀಟಿಯನ್ನಾದರೂ ಕಡ್ಡಾಯ ಮಾಡಿ.

ನನ್ನ ತೂಕದ ಎರಡು ಚೀಟಿಗಳು ಮತ್ತು ಐದು ಚೀಲ ಕಡಿಮೆ ಎಂದು ಬರೆದ ರಸೀದಿಯ ಪ್ರತಿ ಲಾರಿಯಲ್ಲೇ ಇವೆ. ತಮ್ಮ ಕಚೇರಿ ಕೇಳಿದ ದಿನವೇ ಕಳಿಸಿಕೊಡುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಲಾರಿ ಮಾಲೀಕ ಮತ್ತು ಚಾಲಕ