ಸೆಪ್ಟೆಂಬರ್ 17ರ ಭಾಷಣದಾಗ ಉಳಿದರ್ಧ ಕಥಿನೂ ಹೇಳ್ರಿ ಸಾಹೇಬ್ರ

ನಮ್ಮ ಕ್ಷೇತ್ರದ ಮಾನ್ಯ ಶಾಸಕರಿಗೆ ನಮಸ್ಕಾರ್ರಿ,

ಹೋದ ವರ್ಷ ಕಲ್ಯಾಣ ಕರ್ನಾಟಕ ಉತ್ಸವದ ದಿನ ಝಂಡಾ ಏರ್ಸಿ ಭಾಷಣ ಮಾಡಿದ್ರಿ, ನಿಜಾಮನ ಪರ ಹತಿಯಾರ ಹಿಡಿದ ರಜಾಕಾರರ ಪಡಿಯ ಲೂಟಿ, ಅವರ ಮುಖಂಡ ಖಾಸಿಂ ರಜ್ವಿ ಮಾಡಿದ ಅನಾಹುತ ಎಲ್ಲಾ ಹೇಳಿದ್ರಿ. ಅದರಾಗ ಸುಳ್ಳಿಲ್ಲ. ನಮ್ಮ ಮುತ್ಯಾನ್ನ ಅವರಪ್ಪ ಜ್ವಾಳದ ಹಗೇವಿನಾಗ ಇಳಿಸಿ ಮ್ಯಾಲ ಕಲ್ಲು ಮುಚ್ಚಿ ಜೀವ ಉಳಿಸಿದ್ದ, ಒಳಗ ಘಾಟಿಗೆ ಉಸಿರು ಕಟ್ಟತಿತ್ತಂತ, ಸಾಯೋತನಕ ಬಾಗಲಾ ಹಾಕಿದ ಖೋಲ್ಯಾಗ ಮಲಗಲಿಲ್ಲ ಆತ. ಆದ್ರ 1948ರ ಸೆಪ್ಟೆಂಬರ್ 17ಕ್ಕ, ನಮ್ಮ ಸೀಮಿನೂ ಸೇರಿದ್ದ ಹೈದರಾಬಾದ್ ಸಂಸ್ಥಾನ ಆಳತಿದ್ದ ನಿಜಾಮ ಭಾರತದ ಸೈನ್ಯಕ್ಕ ಸೋಲೊಪ್ಪಿಕೊಂಡ ಅನ್ನೋದಕ್ಕ ನಿಮ್ಮ ಭಾಷಣ ಮುಗೀತು, ಮುಂದ ಏನಾತು ಅಂತ ಹೇಳ್ಲೇ ಇಲ್ಲ.

ಮುಂದ ಸೇಡು ತೀರಿಸ್ಕೊಂಡ್ರು. ರಜಾಕಾರರ ಮ್ಯಾಲ ಅಷ್ಟ ಅಲ್ಲ, ಏನೂ ಮಾಡದ ಬಡ ಮುಸ್ಲಿಮರ ಮ್ಯಾಲೂ. ನೆಹರೂ ಸರ್ಕಾರನ ಕಳಿಸಿದ ಸುಂದರ್‌ಲಾಲ್ ಸಮಿತಿ, ಪೊಲೀಸ್ ಆಕ್ಷನ್ (ಭಾರತದ ಸೈನ್ಯ ಸಂಸ್ಥಾನದೊಳಗ ನುಗ್ಗಿದ್ದಕ್ಕ ಇಟ್ಟ ಹೆಸರು) ಹೊತ್ತಿನ್ಯಾಗ ಮತ್ತ ಅದಾದಮ್ಯಾಲ ಹೈದರಾಬಾದ್ ಸಂಸ್ಥಾನದಾಗ ಕಡಿಮಿ ಅಂದ್ರೂ 27ರಿಂದ 40 ಸಾವಿರ ಮಂದಿ ಸತ್ತಾರ ಅಂತ ಅಂದಾಜು ಮಾಡಿತ್ತು, ನೆರೆಮನಿ ಮುಸ್ಲಿಮರನ್ನ ಕಾಪಾಡಿದ ಹಿಂದೂಗಳ ವಿಷಯನೂ ಅದರಾಗ ಐತಿ, ಆ ವರದಿ ಹತ್ತಾರು ವರ್ಷ ಜನರ ಕೈಗೆ ಸಿಗಲಿಲ್ಲ. ನಮ್ಮ ಮುತ್ಯಾ ಹಗೇವಿನ ಕಥಿ ಬಂದೋರಿಗೆಲ್ಲಾ ಹೇಳತಿದ್ದ. ಅದ ಓಣ್ಯಾಗಿನ ಪಿಂಜಾರರ (ಹತ್ತಿ ಹಿಂಜೋ ಮುಸ್ಲಿಮರ) ಮನಿ ಗಂಡಸರು ಎಲ್ಲಿ ಹೋದ್ರು ಅಂತ ಕೇಳಿದ್ರ ಮಾತ್ರ ಎತ್ತಿಗೆ ಮೇವು ಹಾಕಬೇಕು ಅಂತ ಎದ್ದು ಹೋಗತಿದ್ದ.

ಹಿಂಗಾಗಿ ನಮ್ಮ ಮನ್ಯಾಗ ಅರ್ಧ ಕಥಿ ಬೆಳೀತು, ಅವರ ಮನ್ಯಾಗ ಇನ್ನರ್ಧ, ಎರಡೂ ಕಡಿ ಮೊಮ್ಮಕ್ಕಳು ಪೆಟ್ಟು ತಿಂದೋರು ನಾವಷ್ಟ ಅಂತ ನಂಬಿಕೊಂಡು ದೊಡ್ಡೋರಾದ್ವಿ. ಅವತ್ತ ನಿಮ್ಮ ಮುಂದನ ಎಂಟನೇ ಕ್ಲಾಸಿನ ಹುಡುಗ ಮೈಕ್ ಹಿಡದು ಅವರನ್ನ ಬಿಡಬಾರದು ಅಂತ ಒದರಿದ, ಚಪ್ಪಾಳಿ ಬಿತ್ತು. ಅವರು ಅಂದ್ರ ಯಾರು ಸಾಹೇಬ್ರ? ಅವನ ಹಿಂದ ಲೈನಿನ್ಯಾಗ ನಿಂತ ಅವನ ಕ್ಲಾಸ್‌ಮೇಟ್‌ಗಳಾ? ಮುದಗಲ್ಲಿನ ಮೊಹರಂಗೆ ಎರಡೂ ಧರ್ಮದೋರು ಕೂಡಿ ಬರೋ ಜಿಲ್ಲಾ ನಮ್ದು, ನನಗ ಹೊಟ್ಟ್ಯಾಗ ಸಂಕಟ ಆತು.

ಫ್ರಾನ್ಸ್ ಜರ್ಮನಿ ನೋಡ್ರಿ. 1871ರಾಗ ಗೆದ್ದ ಜರ್ಮನ್ನರು ವರ್ಸೇಲ್ಸ್ ಅರಮನಿ ಕನ್ನಡಿ ಹಾಲ್‌ನಾಗ ತಮ್ಮ ಸಾಮ್ರಾಜ್ಯ ಘೋಷಣೆ ಮಾಡಿದ್ರು, 1919ರಾಗ ಅದ ಹಾಲ್‌ನಾಗ ಫ್ರಾನ್ಸ್ ಕಡಿಯೋರು ಸೋತ ಜರ್ಮನಿ ಕಡಿಂದ ಸಹಿ ಹಾಕಿಸ್ಕೊಂಡ್ರು, 1918ರಾಗ ಜರ್ಮನ್ನರು ಸೋಲೊಪ್ಪಿದ ರೈಲ್ ಡಬ್ಬಿನ ಮ್ಯೂಸಿಯಂನಿಂದ ಹೊರಗ ಎಳೆಸಿ 1940ರಾಗ ಹಿಟ್ಲರ್ ಅದರಾಗನ ಫ್ರಾನ್ಸಿನ ಕಡಿಂದ ಸಹಿ ಮಾಡಿಸಿದ. ಅಜ್ಜಂದು ಮೊಮ್ಮಗ ತೀರಿಸೋದು ಅಂದ್ರ ಇದ. ಕೊನಿಗೆ 1963ರಾಗ ಒಪ್ಪಂದ ಮಾಡ್ಕೊಂಡು ಆ ಕಡಿ ಹುಡುಗ್ರನ್ನ ಈ ಕಡಿ, ಈ ಕಡಿಯೋರನ್ನ ಆ ಕಡಿ ಕಳಿಸಾಕ ಹತ್ತಿದ್ರು, 2006ರಾಗ ಎರಡೂ ದೇಶದ ಮಕ್ಕಳಿಗೆ ಒಂದ ಇತಿಹಾಸದ ಪುಸ್ತಕ ತಂದ್ರು.

ನಾ ಕೇಳೋದು ಅಷ್ಟು ದೊಡ್ಡದಲ್ರಿ. ಈ ಸಲ ಭಾಷಣ ಬರದು ಕೊಡೋರಿಗೆ ಎರಡೂ ಕಡಿ ಸಾವು ಬರೀರಿ ಅಂತ ಹೇಳ್ರಿ. ಹೈಸ್ಕೂಲ್ ಮಕ್ಕಳಿಗೆ ಭಾಷಣ ಸ್ಪರ್ಧೆ ಬದ್ಲಿ, ತಮ್ಮ ಓಣ್ಯಾಗಿನ ಎರಡೂ ಧರ್ಮದ ಹಿರೇರನ್ನ ಕೇಳಿ ಬರಕೊಂಡು ಬರೋ ಕೆಲಸ ಕೊಡಸ್ರಿ. 1948 ಕಣ್ಣಾರೆ ಕಂಡೋರು ಇನ್ನ ಬಾಳ ಮಂದಿ ಉಳಿದಿಲ್ಲ, ಮುಂದಿನ ವರ್ಷ ನೋಡೋಣು ಅನಬ್ಯಾಡ್ರಿ.

ಇಂತಿ,
ರಾಯಚೂರು ಜಿಲ್ಲೆಯ ನಿಮ್ಮ ಮತದಾರ