ಮಾಡು ಮತ್ತೆ ಹೊದೆಸಿದವರಿಗೆ ವಂದನೆ

ಕುಂದಾಪುರ ಕಡೆಯ ಕಡಲಂಚಿನ ನಮ್ಮ ಕೇರಿಯಲ್ಲಿ ಗಾಳಿಗೆ ಕಿತ್ತುಹೋಗಿದ್ದ ಮನೆಯ ಮಾಡುಗಳ, ಅಂದರೆ ಛಾವಣಿಗಳ, ಕೆಲಸ ಮಳೆ ಹಿಡಿಯುವ ಮೊದಲೇ ಮುಗಿದಿದೆ. ವಿಮೆ ಇದ್ದ ಮನೆಗಳಿಗೆ ಹಣ ಬಂದಿದೆ, ಇಲ್ಲದವರಿಗೆ ಸರಕಾರದ ಪರಿಹಾರ ಸೇರಿದೆ. ‘ಎಲ್ಲರಿಗೂ ಧನ್ಯವಾದ’ ಎಂದು ಒಂದೇ ಸಾಲಿನಲ್ಲಿ ಮುಗಿಸಿಬಿಟ್ಟರೆ ಯಾರು ಏನು ಮಾಡಿದರು ಎಂಬುದೇ ಮರೆತುಹೋಗುತ್ತದೆ. ಮುಂದಿನ ಗಾಳಿಗೆ ಬೇಕಾಗುವುದು ಆ ವಿವರವೇ. ಹಾಗಾಗಿ ಮಾಡಿದ ಕೆಲಸವನ್ನು ಹೇಳಿಯೇ ವಂದಿಸುತ್ತೇವೆ.

ಮೊದಲ ವಂದನೆ, ಒಡೆದ ಹಂಚನ್ನು ಗುಡಿಸಿ ಎಸೆಯಲು ಬಿಡದೆ ತಡೆದ ಹುಡುಗರಿಗೆ. ಗಾಳಿ ನಿಂತ ಕೂಡಲೇ ಅಂಗಳ ಚೊಕ್ಕ ಮಾಡಬೇಕೆಂದು ಎಲ್ಲರ ಕೈಯೂ ಪೊರಕೆಗೆ ಹೋಗುತ್ತದೆ. ಹಾಗೆ ಗುಡಿಸಿದರೆ ನಷ್ಟದ ಸಾಕ್ಷಿಯೇ ತಿಪ್ಪೆ ಸೇರುತ್ತದೆ. ಹುಡುಗರು ಮನೆಯ ನಾಲ್ಕೂ ಮೂಲೆಯಿಂದ ಫೋಟೋ ತೆಗೆದರು. ಒಳಗೆ ನಿಂತು ಆಕಾಶ ಕಾಣುವ ತೂತುಗಳನ್ನು ತೆಗೆದರು. ಮುರಿದ ಪಕ್ಕಾಸಿನ (ಮಾಡನ್ನು ಹೊರುವ ಇಳಿಜಾರು ಮರ) ಪಕ್ಕದಲ್ಲಿ ಅಳತೆ ಟೇಪು ಹಿಡಿದು ಹತ್ತಿರದಿಂದ ತೆಗೆದರು. ಚೂರುಗಳನ್ನು ಒಂದು ಬದಿಗೆ ರಾಶಿ ಹಾಕಿ ನಷ್ಟ ಅಳೆಯುವ ವಿಮಾ ಸರ್ವೇಯರ್ ಬರುವವರೆಗೆ ಯಾರೂ ಮುಟ್ಟದ ಹಾಗೆ ನೋಡಿಕೊಂಡರು. ಟಾರ್ಪಾಲು ಹೊದೆಸಿದ್ದು ಇಷ್ಟಾದ ಮೇಲೆ. ತಡ ಮಾಡಿದ್ದರೆ ಅದೂ ತಪ್ಪಾಗುತ್ತಿತ್ತು, ಏಕೆಂದರೆ ನಷ್ಟ ಹೆಚ್ಚದಂತೆ ನೋಡಿಕೊಳ್ಳುವುದು ಪಾಲಿಸಿದಾರರ ಹೊಣೆ. ಟಾರ್ಪಾಲಿನ ಬಿಲ್ಲನ್ನೂ ಎತ್ತಿಟ್ಟುಕೊಳ್ಳಬೇಕು.

ಟಾರ್ಪಾಲು ಕಟ್ಟಿಕೊಟ್ಟವರು ಮೀನುಗಾರ ಅಣ್ಣಂದಿರು. ಕಟ್ಟುವುದರಲ್ಲಿ ಅವರನ್ನು ಮೀರಿಸುವವರಿಲ್ಲ. ಟಾರ್ಪಾಲು ಮಾಡಿನ ನೆತ್ತಿ ದಾಟಿ ಆಚೆ ಬದಿಗೆ 3–4 ಅಡಿಯಾದರೂ ಇಳಿಯಬೇಕು. ನೆತ್ತಿಯ ಕೆಳಗೇ ನಿಂತರೆ ಮೇಲಿಂದ ಹರಿದ ನೀರು ಅದರಡಿಗೆ ನುಗ್ಗುತ್ತದೆ. ಅವರು ಒಂದೂ ಮೊಳೆ ಹೊಡೆಯಲಿಲ್ಲ. ಹಗ್ಗವನ್ನು ಅಡ್ಡಡ್ಡ ಎಳೆದು ಎರಡೂ ಬದಿಗೆ ಮರಳಿನ ಚೀಲ ತೂಗಿಬಿಟ್ಟರು. ಮೊಳೆ ಹೊಡೆದಲ್ಲಿಂದಲೇ ಟಾರ್ಪಾಲು ಹರಿಯಲು ಶುರುವಾಗುತ್ತದೆ. ಇನ್ನು ಯಾರೂ ಏಣಿ ಹತ್ತುವ ಮೊದಲೇ ಲೈನು ಬಂದ್ ಮಾಡಿಸಿ, ತುಂಡಾದ ಸರ್ವಿಸ್ ವೈರು ಬಿಡಿಸಿಕೊಟ್ಟ ಮೆಸ್ಕಾಂ ಲೈನ್‌ಮನ್‌ಗಳಿಗೂ ವಂದನೆ.

ಆಚಾರಿಗಳ ಮತ್ತು ಹಂಚು ಹೊದೆಸುವವರ ಋಣ ದೊಡ್ಡದು. ಗಾಳಿ ಹಂಚನ್ನು ನೂಕುವುದಕ್ಕಿಂತ ಹೆಚ್ಚಾಗಿ ಮೇಲಿಂದ ಹೀರಿ ಎತ್ತುತ್ತದೆ. ಈ ಸೆಳೆತ ಜೋರಾಗಿರುವುದು ಸೂರಿನ ಅಂಚಿನಲ್ಲಿ, ಮೂಲೆಯಲ್ಲಿ ಮತ್ತು ನೆತ್ತಿಯಲ್ಲಿ. ಕಡಲ ಕಡೆಯ ಕಿಟಕಿ ತೆರೆದಿದ್ದರೆ ಒಳಗೆ ನುಗ್ಗಿದ ಗಾಳಿಯೂ ಕೆಳಗಿನಿಂದ ಒತ್ತುತ್ತದೆ. ಕೇರಿಯಲ್ಲಿ ಮೊದಲು ಹೋದದ್ದು ಸೂರಿನ ಸಾಲುಗಳೇ. ಅಲ್ಲಿ ಒಂದು ಹಂಚು ಎದ್ದರೆ ಅದರ ಮೇಲೆ ಕೂತ ಹಂಚಿಗೆ ಆಸರೆ ಇರುವುದಿಲ್ಲ.

ಮಂಗಳೂರು ಹಂಚನ್ನು ಮಗುಚಿ ನೋಡಿದರೆ ರೀಪಿಗೆ (ಪಕ್ಕಾಸಿನ ಮೇಲೆ ಅಡ್ಡ ಹೊಡೆದ ಮರದ ಪಟ್ಟಿ) ಸಿಕ್ಕಿಕೊಳ್ಳುವ ಗುಬುಟು ಇರುತ್ತದೆ, ತಂತಿ ಪೋಣಿಸಲು ಸಣ್ಣ ತೂತೂ ಇರುತ್ತದೆ. ಹಳೆಯ ಮನೆಗಳಲ್ಲಿ ಈ ತೂತಿಗೆ ಕೆಲಸವೇ ಕೊಟ್ಟಿರುವುದಿಲ್ಲ, ಹಂಚು ತನ್ನ ಭಾರಕ್ಕೆ ತಾನೇ ಕೂತಿರುತ್ತದೆ. ಈ ಸಲ ಸೂರಿನ ಎರಡು ಸಾಲು, ಎರಡೂ ಬದಿಯ ಅಂಚಿನ ಎರಡು ಸಾಲು, ನೆತ್ತಿಯ ಕೆಳಗಿನ ಸಾಲು, ಇವಿಷ್ಟನ್ನೂ ಒಂದೊಂದು ಹಂಚಿಗೆ ಸುಮಾರು ಒಂದಡಿ ಸ್ಟೀಲ್ ತಂತಿ ಹಾಕಿ ರೀಪಿಗೆ ಬಿಗಿದಿದ್ದಾರೆ. ಸಾದಾ ಕಬ್ಬಿಣದ ತಂತಿ ಉಪ್ಪುಗಾಳಿಗೆ ಬೇಗ ತುಕ್ಕು ಹಿಡಿದು ಪುಡಿಯಾಗುತ್ತದೆ, ಸತು ಲೇಪಿಸಿದ ಜಿಐ ತಂತಿ ಸ್ವಲ್ಪ ಹೆಚ್ಚು ಬಾಳುತ್ತದೆ. ಸ್ಟೇನ್‌ಲೆಸ್‌ನಲ್ಲೂ ಕಡಲ ಬದಿಗೆ 304 ದರ್ಜೆಗಿಂತ 316 ದರ್ಜೆ ಲೇಸು. ತಾಮ್ರದ ತಂತಿಯನ್ನು ಜಿಐ ಮೊಳೆಗೆ ಸುತ್ತಬಾರದು. ಉಪ್ಪುನೀರು ತಗುಲಿದರೆ ಮೊಳೆಯ ಸತುವೇ ಮೊದಲು ಸವೆದುಹೋಗುತ್ತದೆ.

ಲೆಕ್ಕ ಬೇಕಾದವರಿಗೆ ಹೇಳುವುದಾದರೆ, 100 ಚದರಡಿ ಮಾಡಿಗೆ ಸುಮಾರು 140 ಹಂಚು ಹಿಡಿಯುತ್ತದೆ. ಸಾಗಿಸುವಾಗ ಒಡೆಯುವುದಕ್ಕೆಂದು ನೂರಕ್ಕೆ ಹತ್ತು ಹೆಚ್ಚು ತರಿಸಬೇಕು. ರೀಪಿನಿಂದ ರೀಪಿಗೆ ಸುಮಾರು 12.5 ಇಂಚು ಎಂಬ ಅಂದಾಜಿದ್ದರೂ ಕೈಯಲ್ಲಿರುವ ಹಂಚನ್ನು ನೆಲದ ಮೇಲೆ ಜೋಡಿಸಿ ಅಳೆಯದೆ ರೀಪು ಹೊಡೆಯಬಾರದು. ಕಾಲಿಂಚು ಹೆಚ್ಚಾದರೂ ಮೇಲಿನ ಹಂಚು ಕೆಳಗಿನದರ ಮೇಲೆ ಸಾಕಷ್ಟು ಕೂರುವುದಿಲ್ಲ, ಇರಚಲು ಒಳಗೆ ಬರುತ್ತದೆ. ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಕಾರ್ಖಾನೆ ತೆರೆದಂದಿನಿಂದ ಈ ಕರಾವಳಿಯಲ್ಲಿ ಎಷ್ಟೋ ಕಾರ್ಖಾನೆಗಳು ಹಂಚು ಸುಟ್ಟಿವೆ. ಒಂದರ ಅಚ್ಚಿನ ಹಂಚು ಇನ್ನೊಂದರದ್ದಕ್ಕೆ ಸರಿಯಾಗಿ ಕಚ್ಚುವುದಿಲ್ಲ. ಹಂಚಿನ ಮೇಲಿನ ಕಾರ್ಖಾನೆಯ ಹೆಸರು ಓದಿ, ಕೆಡವಿದ ಮನೆಗಳಿಂದ ಅದೇ ಅಚ್ಚಿನ ಹಳೆ ಹಂಚು ಹುಡುಕಿ ತಂದುಕೊಟ್ಟವರ ಉಪಕಾರ ಸಣ್ಣದಲ್ಲ. ಜೋಡಿ ಸಿಗದ ಕಡೆ ಆಚಾರಿಗಳು ಒಂದು ಬದಿಯ ಹಂಚು ಪೂರ್ತಿ ಇಳಿಸಿ, ಆ ಬದಿಗೆ ಹೊಸದನ್ನೇ ಹೊದೆಸಿ, ಇಳಿಸಿದ್ದನ್ನು ಇನ್ನೊಂದು ಬದಿಯ ತೇಪೆಗೆ ಬಳಸಿದರು. ಇದಕ್ಕಿಂತ ಜಾಣ ಉಪಾಯ ನಮಗಂತೂ ಹೊಳೆದಿರಲಿಲ್ಲ.

ಒರಲೆ (ಗೆದ್ದಲು) ಹಿಡಿದ ಪಕ್ಕಾಸಿಗೆ ಪಕ್ಕದಲ್ಲಿ ತುಂಡು ಹಲಗೆ ಹೊಡೆದು ಕೈತೊಳೆದುಕೊಳ್ಳಲು ಅವರು ಒಪ್ಪಲಿಲ್ಲ, ಬದಲಿಸಿಯೇ ಹೊದೆಸಿದರು. ತಗಡಿನ ಶೀಟಿದ್ದ ಅಡುಗೆಕೋಣೆಗಳಲ್ಲಿ ಶೀಟಿನ ಕೊನೆಗಳು ಒಂದರ ಮೇಲೊಂದು 6 ಇಂಚು ಕೂರಿಸಿ, ರಬ್ಬರ್ ವಾಷರ್ ಇರುವ ಸ್ಕ್ರೂ ಹಾಕಿದರು. ಸ್ಕ್ರೂ ಅತಿಯಾಗಿ ಬಿಗಿದರೆ ವಾಷರ್ ಹಿಸುಕಿ ಸೀಳುತ್ತದೆ, ಸೋರಿಕೆ ಶುರುವಾಗುವುದೇ ಅಲ್ಲಿ.

ಇನ್ನು ವಿಮೆಯ ವಿಷಯ. ಪಾಲಿಸಿ ಕಾಗದವನ್ನು ಕೂತು ಓದಿ ಹೇಳಿದ ನಿವೃತ್ತ ಅಧಿಕಾರಿಗಳಿಗೆ, ಮಧ್ಯಾಹ್ನದ ಬಿಸಿಲಲ್ಲಿ ಏಣಿ ಹತ್ತಿ ಒಳಗಿನ ಮರವನ್ನೂ ಮುಟ್ಟಿ ನೋಡಿದ ಸರ್ವೇಯರ್‌ಗೆ ನಮಸ್ಕಾರ. ವಿಮಾ ನಿಯಂತ್ರಣ ಪ್ರಾಧಿಕಾರ ರೂಪಿಸಿದ, ಮನೆಗೆಂದೇ ಇರುವ ‘ಭಾರತ್ ಗೃಹ ರಕ್ಷಾ’ ಪಾಲಿಸಿ ಜಾರಿಗೆ ಬಂದದ್ದು 2021ರ ಏಪ್ರಿಲ್ 1ಕ್ಕೆ.  ಬಿರುಗಾಳಿ, ಚಂಡಮಾರುತ, ನೆರೆ, ಮರ ಬಿದ್ದು ಆಗುವ ಹಾನಿ ಎಲ್ಲವೂ ಇದರಲ್ಲಿ ಸೇರುತ್ತದೆ. ಮೊತ್ತ ಬರೆಸಬೇಕಾದ್ದು ಜಾಗದ ಬೆಲೆಗಲ್ಲ, ಕಟ್ಟುವ ಖರ್ಚಿಗೆ: ಕಾರ್ಪೆಟ್ ಅಳತೆ (ಗೋಡೆ ಬಿಟ್ಟು ಒಳಗಿನ ನೆಲ) 900 ಚದರಡಿ, ಚದರಡಿಗೆ 1,800 ರೂಪಾಯಿ ಎಂದು ಹಿಡಿದರೆ 16.2 ಲಕ್ಷ. ಮನೆಯ ಸಾಮಾನಿಗೆ ಇದರ ಶೇ. 20, ಗರಿಷ್ಠ 10 ಲಕ್ಷದವರೆಗೆ, ತಾನಾಗಿಯೇ ಸೇರುತ್ತದೆ. ಕಾಂಪೌಂಡ್ ಗೋಡೆ, ಔಟ್‌ಹೌಸ್, ನೀರಿನ ಟ್ಯಾಂಕಿನ ಮೊತ್ತವನ್ನು ಬೇರೆಯಾಗಿ ಬರೆಸಬೇಕು.

ಸಿಗದ್ದು ಯಾವುದೆಂದು ಮೊದಲೇ ತಿಳಿದಿದ್ದರೆ ಜಗಳ ತಪ್ಪುತ್ತದೆ. ಕಾಲಕ್ರಮದಲ್ಲಿ ಮರ ಕುಂಬಾದದ್ದು, ಹಂಚು ಸವೆದು ಸೋರಿದ್ದು ಬಿರುಗಾಳಿಯ ಲೆಕ್ಕಕ್ಕೆ ಬರುವುದಿಲ್ಲ. ಕಡಲ್ಕೊರೆತಕ್ಕೆ ಜಾಗ ಜಾರಿ ಗೋಡೆ ಕುಸಿದರೆ ಅದೂ ಇಲ್ಲ. ನಮ್ಮಂಥ ಊರಿಗೆ ಇದು ದೊಡ್ಡ ಕೊರತೆಯೇ. ಹಂಚಿದ್ದ ಮಾಡಿಗೆ ಹಂಚಿನ ಖರ್ಚು ಸಿಗುತ್ತದೆ, ಸ್ಲ್ಯಾಬ್ ಹಾಕಿಸುವ ಹಣ ಬರುವುದಿಲ್ಲ. ಸೋಗೆ, ಹುಲ್ಲು, ಟಾರ್ಪಾಲಿನ ಮಾಡನ್ನು ಕಚ್ಚಾ ಎಂದು ಬರೆಯುತ್ತಾರೆ. ಅದನ್ನು ಮುಚ್ಚಿಡದೆ ಪ್ರಪೋಸಲ್ ಫಾರಂನಲ್ಲೇ ಹೇಳಬೇಕು.

ಹಾನಿ ಕಂಡ ದಿನವೇ ಕಂಪನಿಗೆ ತಿಳಿಸಿ ಕ್ಲೇಮ್ ನಂಬರ್ ಪಡೆಯಬೇಕು, ಕ್ಲೇಮ್ ಫಾರಂ 30 ದಿನದೊಳಗೆ ಹೋಗಬೇಕು. ಅದರ ಜೊತೆ ಫೋಟೋ, ಆಚಾರಿಯ ಅಂದಾಜುಪಟ್ಟಿ, ಆ ದಿನದ ಗಾಳಿಯ ಸುದ್ದಿ ಬಂದ ಪತ್ರಿಕೆಯ ತುಣುಕು, ಗ್ರಾಮ ಆಡಳಿತಾಧಿಕಾರಿಯ ಮಹಜರು ಇರಲಿ. ಅಂದಾಜುಪಟ್ಟಿಯಲ್ಲಿ ‘ಮಾಡು ರಿಪೇರಿ’ ಎಂದು ಒಂದೇ ಸಾಲು ಬರೆದರೆ ಕಡಿತ ಖಂಡಿತ. ಹಂಚು ಎಷ್ಟು, ರೀಪು ಎಷ್ಟು ಅಡಿ, ಪಕ್ಕಾಸು ಎಷ್ಟು, ಕೂಲಿ ಎಷ್ಟು ಎಂದು ಬಿಡಿಸಿ ಬರೆಸಬೇಕು. ಚೂರು ಸಾಗಿಸುವ ಖರ್ಚಿಗೂ ಪಾಲಿಸಿಯಲ್ಲಿ ಕ್ಲೇಮಿನ ಶೇ. 2ರವರೆಗೆ ಜಾಗವಿದೆ, ಬಹಳ ಮಂದಿ ಅದನ್ನು ಕೇಳುವುದೇ ಇಲ್ಲ. ಮನೆಸಾಲ ಇರುವವರು ಬ್ಯಾಂಕಿನಲ್ಲಿ ವಿಚಾರಿಸಿ. ಸಾಲ ಕೊಡುವಾಗಲೇ ಮಾಡಿಸಿದ ಪಾಲಿಸಿ ಫೈಲಿನೊಳಗೆ ಇದ್ದೀತು. ಕಂಪನಿಯ ಉತ್ತರ ಒಪ್ಪಿಗೆಯಾಗದಿದ್ದರೆ ಮೊದಲು ಕಂಪನಿಗೇ ಲಿಖಿತ ದೂರು ಕೊಟ್ಟು, ಆಮೇಲೆ ವಿಮೆಯ ದೂರು ವಿಚಾರಿಸುವ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್ ಕಚೇರಿಗೆ ಹೋಗಬಹುದು. ಅಲ್ಲಿ ಶುಲ್ಕವಿಲ್ಲ.

ವಿಮೆ ಇಲ್ಲದ ಮನೆಗಳ ಮಹಜರನ್ನು ಬೇಗ ಮುಗಿಸಿ ತಹಶೀಲ್ದಾರರಿಗೆ ಕಳಿಸಿದ ಗ್ರಾಮ ಆಡಳಿತಾಧಿಕಾರಿಗೆ ಮತ್ತು ಪಂಚಾಯತ್ ಎಂಜಿನಿಯರಿಗೆ ಆಭಾರಿ. ಕೇಂದ್ರದ 2022–26ರ ವಿಪತ್ತು ಪರಿಹಾರದ ಮಾನದಂಡದಲ್ಲಿ ಕನಿಷ್ಠ ಶೇ. 15 ಹಾನಿಯಾದ ಪಕ್ಕಾ ಮನೆಗೆ 6,500, ಕಚ್ಚಾ ಮನೆಗೆ 4,000 ರೂಪಾಯಿ. ಒಂದು ಬದಿಯ ಮಾಡಿಗೂ ಇದು ಸಾಲದು, ಆದರೂ ಬಂದದ್ದು ಬಂದಿತು.

ಅನ್ನ, ಗಂಜಿ, ಚಹಾ ಎಂದು ಕೆಲಸಗಾರರನ್ನು ದಿನವೂ ನೋಡಿಕೊಂಡ ಅಕ್ಕಂದಿರಿಗೆ ಎಷ್ಟು ಹೇಳಿದರೂ ಕಡಿಮೆ. ಉಳಿದ ಹಂಚುಗಳನ್ನು ಅಚ್ಚಿನ ಹೆಸರು ಪ್ರಕಾರ ಬೇರೆ ಬೇರೆ ಜೋಡಿಸಿ ಭಜನಾ ಮಂದಿರದ ಹಿಂದೆ ಇಟ್ಟಿದೆ, ಸ್ಟೀಲ್ ತಂತಿಯ ಸುರುಳಿಯೂ ಅಲ್ಲೇ ಇದೆ. ಬೇಕಾದವರು ಎಷ್ಟು ತೆಗೆದಿರೆಂದು ಅಲ್ಲಿನ ಪುಸ್ತಕದಲ್ಲಿ ಬರೆದು ಒಯ್ಯಬಹುದು.