ವರಮಹಾಲಕ್ಷ್ಮಿ ವ್ರತ: ರಜೆ ಸಿಕ್ಕರೆ ಸಾಕೆ?

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ಆಷಾಢ ಕಳೆದು ಶ್ರಾವಣ ಕಾಲಿಡುತ್ತಿದ್ದಂತೆ ವರಮಹಾಲಕ್ಷ್ಮಿ ವ್ರತದ ದಿನವನ್ನು ಸಾರ್ವತ್ರಿಕ ರಜೆಯೆಂದು ಘೋಷಿಸಬೇಕೆಂಬ ಮಾತು ಕೇಳಿಬರತೊಡಗುತ್ತದೆ. ಹಾಗೆ ಹೇಳುವವರಲ್ಲಿ ಹೆಚ್ಚಿನವರು ನಸುಕಿನಲ್ಲೇ ಎದ್ದು ಪೂಜೆ ಮುಗಿಸಿ, ಉಟ್ಟ ರೇಷ್ಮೆ ಸೀರೆಯನ್ನು ಬದಲಿಸಲೂ ಪುರುಸೊತ್ತಿಲ್ಲದೆ ಬಸ್ಸನ್ನೋ ಮೆಟ್ರೊವನ್ನೋ ಹಿಡಿಯಲು ಓಡುವ ಹೆಣ್ಣುಮಕ್ಕಳು. ಅವರ ಕಷ್ಟ ಸುಳ್ಳಲ್ಲ. ಯುಗಾದಿ, ಗಣೇಶ ಚತುರ್ಥಿಗಳು ತಿಥಿಯನ್ನು ನೋಡಿ ಬರುವುದರಿಂದ ಕೆಲವು ವರ್ಷ ಭಾನುವಾರವೇ ಬಿದ್ದು ಅನುಕೂಲ ಮಾಡಿಕೊಡುತ್ತವೆ. ಈ ವ್ರತವಾದರೋ ಶ್ರಾವಣದ ಹುಣ್ಣಿಮೆಗೆ ಮುಂಚಿನ ಶುಕ್ರವಾರವೇ ನಡೆಯಬೇಕು. 2023ರಲ್ಲಿ ಆಗಸ್ಟ್ 25, 2024ರಲ್ಲಿ ಆಗಸ್ಟ್ 16, 2025ರಲ್ಲಿ ಆಗಸ್ಟ್ 8 ಹೀಗೆ ತಾರೀಖು ಮುಂದೆ ಹಿಂದೆ ಆಗುತ್ತದೆಯೇ ಹೊರತು ವಾರ ಬದಲಾಗುವುದಿಲ್ಲ. ಸ್ವಾತಂತ್ರ್ಯ ದಿನದಂಥ ರಜೆಯಂದೇ ಹಬ್ಬ ಬರುವ ಅಪರೂಪದ ವರ್ಷವನ್ನು ಬಿಟ್ಟರೆ ಅದು ಕೆಲಸದ ದಿನವೇ. ರಾಜ್ಯ ಸರ್ಕಾರದ ಪಟ್ಟಿಯಲ್ಲಿ ಇದಕ್ಕೆ ಪರಿಮಿತ ರಜೆಯ ಸ್ಥಾನವಿದೆ, ಬೇಕಾದ ನೌಕರರು ಕೇಳಿ ಪಡೆಯಬಹುದು. ಖಾಸಗಿ ಉದ್ಯೋಗದಲ್ಲಿರುವ ಬಹಳಷ್ಟು ಮಂದಿ ತಮ್ಮ ಲೆಕ್ಕದ ರಜೆಯನ್ನೇ ಹಾಕಿಕೊಳ್ಳಬೇಕು.

ಇಷ್ಟೆಲ್ಲ ಒಪ್ಪಿಕೊಂಡರೂ ಸಾರ್ವತ್ರಿಕ ರಜೆಯಿಂದ ಈ ತಾಪತ್ರಯ ತೀರುತ್ತದೆಂದು ನನಗೆ ಅನ್ನಿಸುವುದಿಲ್ಲ. ರಜೆ ಘೋಷಣೆಯಾದರೆ ಅದು ಮುಟ್ಟುವುದು ಸರ್ಕಾರಿ ಕಚೇರಿ, ಶಾಲೆ, ಬ್ಯಾಂಕುಗಳಲ್ಲಿರುವವರಿಗೆ. ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ದಿನದ ಗುರಿ ಮುಗಿಸದೆ ಯಂತ್ರದ ಮುಂದಿನಿಂದ ಏಳಲಾಗದ ಹೆಂಗಸರಿಗೆ, ಪಾಳಿಯಲ್ಲಿ ದುಡಿಯುವ ನರ್ಸುಗಳಿಗೆ, ಬಸ್ಸಿನ ಕಂಡಕ್ಟರುಗಳಿಗೆ ಅದರಿಂದ ಏನೂ ಆಗುವುದಿಲ್ಲ. ಕೆ.ಆರ್. ಮಾರುಕಟ್ಟೆಯಲ್ಲಿ ಹಿಂದಿನ ರಾತ್ರಿಯೆಲ್ಲ ಕೂತು ಮಾಲೆ ಕಟ್ಟುವವರಿಗೆ ಹಬ್ಬವೆಂದರೆ ವರ್ಷದಲ್ಲೇ ಹೆಚ್ಚು ದುಡಿಯಬೇಕಾದ ಹೊತ್ತು. ಇವರೆಲ್ಲರಿಗಿಂತ ನನಗೆ ಮುಖ್ಯವಾಗಿ ಕಾಣುವುದು ಮನೆಗೆಲಸದ ಹೆಂಗಸರ ಪಾಡು. ಯಜಮಾನಿಗೆ ರಜೆ ಸಿಕ್ಕಿ ಅಡುಗೆ ಭರ್ಜರಿಯಾದಷ್ಟೂ ಇವರ ಪಾಲಿನ ಪಾತ್ರೆಯ ರಾಶಿ ದೊಡ್ಡದಾಗುತ್ತದೆ. ನಾಲ್ಕು ಮನೆಗಳಲ್ಲಿ ರಂಗೋಲಿ ಹಾಕಿ, ಹೋಳಿಗೆಯ ಹೆಂಚು ತಿಕ್ಕಿ, ಕೈಗೆ ಕೊಟ್ಟ ತಾಂಬೂಲವನ್ನು ಸೆರಗಿನಲ್ಲಿ ಕಟ್ಟಿಕೊಂಡು ಮನೆ ಸೇರಿದ ಮೇಲೆ, ದೀಪ ಹಚ್ಚುವ ಹೊತ್ತೂ ಮೀರಿದಾಗ, ಅವರ ಮನೆಯ ಲಕ್ಷ್ಮಿಗೆ ಕಲಶ ಕೂರಬೇಕು.

ವ್ರತವನ್ನು ವಿಧಿಸಿದವರಿಗೆ ದುಡಿಯುವ ಹೆಣ್ಣಿನ ಪರಿವೆ ಇರಲಿಲ್ಲವೆಂದು ಯಾರೂ ತಿಳಿಯಬೇಕಾಗಿಲ್ಲ. ವ್ರತಕಥೆಯ ಚಾರುಮತಿ ಕುಂಡಿನ ನಗರದ ಗೃಹಿಣಿ; ಬೆಳಗಾಗೆದ್ದು ಮನೆಯ ಕೆಲಸಬೊಗಸೆ ನೋಡಿಕೊಂಡು, ಅತ್ತೆಮಾವಂದಿರ ಆರೈಕೆ ಮಾಡುತ್ತಿದ್ದವಳು. ದೇವಿ ಒಲಿದದ್ದು ಅಂಥವಳಿಗೆ. ದೇವಿ ಕನಸಿನಲ್ಲಿ ಬಂದು ವ್ರತ ಮಾಡೆಂದದ್ದನ್ನು ಅವಳು ಹೇಳಿದಾಗ ಮನೆಯವರೆಲ್ಲ ಸಂತೋಷದಿಂದ ಒಪ್ಪಿದರು, ಊರಿನ ಹೆಂಗಸರೆಲ್ಲ ಕೂಡಿ ವ್ರತ ಮಾಡಿದರು ಎಂದು ಕಥೆ ಹೇಳುತ್ತದೆ. ಸಾಮಗ್ರಿಯೂ ಹೆಚ್ಚೇನಲ್ಲ: ಅಕ್ಕಿಯ ಮೇಲಿಟ್ಟ ಕಲಶ, ಒಂಬತ್ತು ಎಳೆಯ ಒಂಬತ್ತು ಗಂಟಿನ ದಾರ, ಹೂವು ಹಣ್ಣು, ಶಕ್ತ್ಯಾನುಸಾರ ನೈವೇದ್ಯ. ಕಾಲದ ವಿಷಯದಲ್ಲಂತೂ ಇನ್ನೂ ಸಡಿಲವಿದೆ. ಚಂಚಲೆಯಾದ ಲಕ್ಷ್ಮಿ ಮನೆಯಲ್ಲಿ ನೆಲೆ ನಿಲ್ಲಲೆಂದು ಸ್ಥಿರ ಲಗ್ನದಲ್ಲಿ, ಅಂದರೆ ಸ್ಥಿರವೆನಿಸಿದ ರಾಶಿಯೊಂದು ಮೂಡಣದಲ್ಲಿ ಉದಯಿಸುತ್ತಿರುವ ವೇಳೆಯಲ್ಲಿ, ಪೂಜಿಸುವುದು ವಾಡಿಕೆ. ವೃಷಭ, ಸಿಂಹ, ವೃಶ್ಚಿಕ, ಕುಂಭ ಈ ನಾಲ್ಕು ಸ್ಥಿರ ಲಗ್ನಗಳ ಪೈಕಿ ಸಿಂಹವು ಶ್ರಾವಣದಲ್ಲಿ ಸೂರ್ಯೋದಯದ ಆಸುಪಾಸಿನಲ್ಲಿಯೂ, ಕುಂಭವು ಸಂಜೆ ದೀಪ ಹಚ್ಚುವ ಆಸುಪಾಸಿನಲ್ಲಿಯೂ ಬರುತ್ತವೆ. ಶುಕ್ರವಾರದ ರಾಹುಕಾಲವೋ ಹತ್ತೂವರೆಯಿಂದ ಹನ್ನೆರಡರವರೆಗೆ. ಅಂದರೆ ಕಚೇರಿಗೆ ಹೋಗುವ ಮೊದಲು ಪೂಜೆ ಮುಗಿಸುವವಳೂ, ಕಚೇರಿಯಿಂದ ಬಂದು ಕೈಕಾಲು ತೊಳೆದು ಪೂಜೆಗೆ ಕೂರುವವಳೂ ಪಂಚಾಂಗದ ಪ್ರಕಾರ ಸರಿಯಾಗಿಯೇ ಇದ್ದಾರೆ. ಮನೆಯಲ್ಲೇ ಇದ್ದು ನಿಧಾನವಾಗಿ ಹನ್ನೊಂದಕ್ಕೆ ಆರಂಭಿಸುವವರೇ ಗಡಿಯಾರ ನೋಡಿಕೊಳ್ಳಬೇಕು. ಆ ದಿನ ಮೈಲಿಗೆಯೋ ಸೂತಕವೋ ಅಡ್ಡಬಂದರೆ ಶ್ರಾವಣದ ಇನ್ನೊಂದು ಶುಕ್ರವಾರ, ಅದೂ ತಪ್ಪಿದರೆ ನವರಾತ್ರಿಯ ಶುಕ್ರವಾರ ಮಾಡುವ ರೂಢಿ ಅನೇಕ ಮನೆಗಳಲ್ಲಿದೆ.

ಹೀಗಿರುವಾಗ ಹೊತ್ತು ಸಾಲದೆ ಹೋಗುವುದು ಏಕೆ? ಪೂಜೆಗೆ ಬೇಕಾದದ್ದು ಗಂಟೆ, ಒಂದೂವರೆ ಗಂಟೆ. ಉಳಿದುದೆಲ್ಲ ಅಲಂಕಾರಕ್ಕೆ ಹೋಗುತ್ತಿದೆ. ಕಲಶದ ಹಿಂದೆ ಕೋಲು ನಿಲ್ಲಿಸಿ, ಎಂಟು ಗಜದ ಸೀರೆಯ ನೆರಿಗೆ ಹಿಡಿದು ಪಿನ್ನು ಚುಚ್ಚಿ, ಮುಖವಾಡಕ್ಕೆ ಮೂಗುತಿ, ಜಡೆಗೆ ಕುಚ್ಚು, ಬೇರೆಯಾಗಿ ಕೊಂಡು ತಂದ ಕೈಕಾಲು ಜೋಡಿಸಿ, ಹಿಂದೆ ಪರದೆ ಕಟ್ಟಿ ದೀಪದ ಸರ ಇಳಿಬಿಟ್ಟು, ನೋಟುಗಳನ್ನು ಬೀಸಣಿಗೆಯಂತೆ ಮಡಿಸಿ ಸಿಕ್ಕಿಸುವಷ್ಟರಲ್ಲಿ ಗುರುವಾರದ ರಾತ್ರಿ ಎರಡನೆಯ ಜಾವಕ್ಕೆ ಬಂದಿರುತ್ತದೆ. ಚೆಂದದ ಅಲಂಕಾರ ಕಂಡರೆ ನನಗೂ ಕಣ್ಣು ತುಂಬುತ್ತದೆ. ಸೀರೆ ಉಡಿಸುವ ಕೈಚಳಕ ಸಣ್ಣ ವಿದ್ಯೆಯೇನಲ್ಲ. ಆದರೆ ಅದು ಕಡ್ಡಾಯವೆಂಬ ಭಾವನೆ ಯಾವಾಗ ಬಂದಿತೋ ತಿಳಿಯದು. ಪಕ್ಕದ ಮನೆಯ ಲಕ್ಷ್ಮಿಗಿಂತ ನಮ್ಮ ಲಕ್ಷ್ಮಿ ಬಡವಾಗಿ ಕಾಣಬಾರದೆಂಬ ಆತಂಕ, ಬೆಳಗ್ಗೆ ಏಳರೊಳಗೆ ವಾಟ್ಸ್‌ಆ್ಯಪ್ ಸ್ಟೇಟಸ್ಸಿಗೆ ಚಿತ್ರ ಏರಬೇಕೆಂಬ ಧಾವಂತ ಇವೆರಡೂ ವ್ರತದ ಅಂಗಗಳಲ್ಲ. ರಜೆ ಕೊಟ್ಟರೆ ಇದು ಇನ್ನೂ ಬೆಳೆಯುತ್ತದೆಂಬುದೇ ನನ್ನ ಅಂಜಿಕೆ. ಕನಕಾಂಬರ ಕೆ.ಜಿ.ಗೆ ಸಾವಿರ ರೂಪಾಯಿ ದಾಟಿತೆಂದು ತಮ್ಮ ಪತ್ರಿಕೆಯಂಥವು ಪ್ರತಿ ಶ್ರಾವಣದಲ್ಲೂ ಬರೆಯುತ್ತವೆ. ಬೆಳೆಗಾರನಿಗೆ ನಾಲ್ಕು ಕಾಸು ಹೆಚ್ಚು ಸಿಕ್ಕರೆ ಒಳ್ಳೆಯದೇ. ಆದರೆ ಮೊಳ ಹೂವಿಗೆ ತಿಣುಕುವ ಮನೆಯಾಕೆ ತನ್ನ ಪೂಜೆ ಕಡಿಮೆಯಾಯಿತೆಂದು ಕೊರಗುವಂತೆ ಆಗಬಾರದು.

ಒಂದು ಕಾಲಕ್ಕೆ ಈ ವ್ರತ ಎಲ್ಲರ ಮನೆಯದೂ ಆಗಿರಲಿಲ್ಲ. ಹಳೆಯ ಮೈಸೂರಿನ ಕಡೆಯಲ್ಲೇ ‘ನಮ್ಮಲ್ಲಿ ಕಲಶ ಕೂರಿಸುವ ಪದ್ಧತಿಯಿಲ್ಲ’ ಎನ್ನುವ ಮನೆಗಳಿದ್ದವು, ಉತ್ತರ ಕರ್ನಾಟಕದಲ್ಲಿ ಶ್ರಾವಣದ ಶುಕ್ರವಾರಗಳಿಗೆ ಅವುಗಳದೇ ಆಚರಣೆಗಳಿವೆ. ಈಗ ಹಬ್ಬ ಹರಡಿದೆ, ಅದಕ್ಕೆ ನನ್ನ ತಕರಾರಿಲ್ಲ. ಹರಡುವಾಗ ವ್ರತದ ಸರಳ ರೂಪ ಹಿಂದುಳಿದು ಅಂಗಡಿಯ ರೂಪ ಮುಂದೆ ಹೋಯಿತಲ್ಲ ಎಂಬುದಷ್ಟೇ ವ್ಯಥೆ. ಕರಾವಳಿಯವರು ಈ ವಿಷಯದಲ್ಲಿ ಜಾಣರು. ದಕ್ಷಿಣ ಕನ್ನಡ, ಉಡುಪಿಗಳಲ್ಲಿ ದೇವಸ್ಥಾನ, ಭಜನಾ ಮಂದಿರಗಳಲ್ಲಿ ಸಾಮೂಹಿಕ ಪೂಜೆ ನಡೆಯುತ್ತದೆ. ಒಂದೇ ಮಂಟಪ, ಒಬ್ಬರೇ ಪುರೋಹಿತರು, ಸಾಲಾಗಿ ಕೂತ ಹೆಂಗಸರೆಲ್ಲರಿಗೂ ದಾರ, ಎಲ್ಲರಿಗೂ ಪ್ರಸಾದ. ಚಾರುಮತಿಯ ಕಥೆಗೆ ಅದೇ ಹೆಚ್ಚು ಹತ್ತಿರ. ವಿದೇಶಗಳಲ್ಲಿರುವ ನಮ್ಮ ಹೆಣ್ಣುಮಕ್ಕಳು ಕೂಡ ಶುಕ್ರವಾರ ಕೆಲಸದಿಂದ ಬಂದು ಪೂಜೆ ಮಾಡಿ, ಅರಿಶಿನ ಕುಂಕುಮಕ್ಕೆ ಶನಿವಾರ ಕರೆಯುತ್ತಾರೆಂದು ಕೇಳಿದ್ದೇನೆ. ಹೇಗೂ ಕಲಶ ಕದಲಿಸುವುದು ಮರುದಿನ ತಾನೆ.

ಗಂಡಸರ ಬಗ್ಗೆ ಒಂದು ಮಾತು ಹೇಳದಿದ್ದರೆ ಈ ಪತ್ರ ಅಪೂರ್ಣವಾಗುತ್ತದೆ. ಗುರುವಾರ ಸಂಜೆ ಬಾಳೆಕಂದು, ಮಾವಿನ ಸೊಪ್ಪು ತಂದು ಹಾಕಿದರೆ ತಮ್ಮ ಪಾಲು ಸಂದಿತೆಂದು ತಿಳಿಯುವವರು ಇಂದಿಗೂ ಬಹಳ. ಕಡಲೆಬೇಳೆ ಬೇಯಿಸಿ ಹೂರಣ ರುಬ್ಬಲು, ತೆಂಗಿನಕಾಯಿ ತುರಿಯಲು, ಮಂಗಳಾರತಿ ಆದ ಮೇಲೆ ಹರಡಿದ ಅಕ್ಷತೆ ಗುಡಿಸಲು ಯಾವ ಶಾಸ್ತ್ರವೂ ಅವರಿಗೆ ಅಡ್ಡಿ ಮಾಡಿಲ್ಲ. ಹೋಳಿಗೆಯನ್ನು ಅಂಗಡಿಯಿಂದ ತರಿಸಿದರೆ ಮೂಗು ಮುರಿಯುವ ಹಿರಿಯರೂ ಸ್ವಲ್ಪ ಸುಮ್ಮನಿದ್ದರೆ ಒಳ್ಳೆಯದು. ನೈವೇದ್ಯಕ್ಕೆ ಮನೆಯಲ್ಲಿ ಮಾಡಿದ ಪಾಯಸವೊಂದು ಧಾರಾಳವಾಗಿ ಸಾಕು.

ಹೀಗಾಗಿ ಸರ್ಕಾರದ ಮುಂದೆ ಇಡಬೇಕಾದ ಬೇಡಿಕೆಗಿಂತ ನಮ್ಮ ನಮ್ಮ ನಡುವೆ ಆಗಬೇಕಾದ ಏರ್ಪಾಡುಗಳೇ ಹೆಚ್ಚು. ಕಾರ್ಖಾನೆ, ಕಚೇರಿಗಳು ಆ ಒಂದು ದಿನ ಎರಡು ಗಂಟೆ ತಡವಾಗಿ ಬರಲು ಅಥವಾ ಬೇಗ ಹೋಗಲು ಬಿಟ್ಟು, ಆ ಹೊತ್ತನ್ನು ಬೇರೆ ದಿನ ತುಂಬಿಸಿಕೊಂಡರೆ ಕೆಲಸವೂ ಕೆಡುವುದಿಲ್ಲ, ವ್ರತವೂ ನಡೆಯುತ್ತದೆ. ಶಾಲೆಗಳು ಕಿರುಪರೀಕ್ಷೆಗಳನ್ನು ಆ ಶುಕ್ರವಾರ ಇಡದಿದ್ದರೆ ತಾಯಂದಿರಿಗೆ ದೊಡ್ಡ ಉಪಕಾರ. ಮನೆಗೆಲಸದವರನ್ನು ಮಧ್ಯಾಹ್ನ ಎರಡರ ಹೊತ್ತಿಗೆ ಕಳುಹಿಸಿ, ಸಂಬಳ ಹಿಡಿಯದೆ ಶನಿವಾರ ಬೆಳಗ್ಗೆ ಬರಹೇಳುವುದು ಪ್ರತಿ ಮನೆಗೂ ಸಾಧ್ಯ; ಹಬ್ಬದ ಪಾತ್ರೆಯನ್ನು ಒಂದು ಸಂಜೆ ಮನೆಯವರೇ ತೊಳೆದುಕೊಳ್ಳಬಹುದು.

ತಮ್ಮಲ್ಲಿಯೂ ಒಂದು ವಿನಂತಿ ಇದೆ. ಹಬ್ಬದ ಮರುದಿನ ಸಿನಿಮಾ ತಾರೆಯರ ಮನೆಯ ಲಕ್ಷ್ಮಿಯ ಚಿತ್ರಗಳಿಗೆ ಪತ್ರಿಕೆಗಳು ಕೊಡುವ ಜಾಗದಲ್ಲಿ ಕಾಲು ಭಾಗವನ್ನು ಹಬ್ಬಕ್ಕೆ ಎರಡು ದಿನ ಮೊದಲು ಬೇರೊಂದು ಕೆಲಸಕ್ಕೆ ಕೊಡಬೇಕು. ಬೆಳಗಿನ ಮತ್ತು ಸಂಜೆಯ ಸ್ಥಿರ ಲಗ್ನದ ವೇಳೆ, ರಾಹುಕಾಲ, ಮುಕ್ಕಾಲು ಗಂಟೆಯಲ್ಲಿ ಮುಗಿಯುವ ಸಂಕ್ಷಿಪ್ತ ಪೂಜಾವಿಧಾನ, ಅದಕ್ಕೆ ಬೇಕಾದ ಸಾಮಗ್ರಿಯ ಚಿಕ್ಕ ಪಟ್ಟಿ, ತಿಳಿಗನ್ನಡದಲ್ಲಿ ವ್ರತಕಥೆ ಇಷ್ಟನ್ನು ಕತ್ತರಿಸಿ ದೇವರ ಮನೆಯ ಗೋಡೆಗೆ ಅಂಟಿಸಿಕೊಳ್ಳುವಂತೆ ಒಂದೇ ಪುಟದಲ್ಲಿ ಪ್ರಕಟಿಸಿದರೆ, ಪುರೋಹಿತರು ಸಿಗದ, ಹೊತ್ತೂ ಸಾಲದ ಅನೇಕ ಓದುಗರಿಗೆ ಅದು ಆ ಬೆಳಗ್ಗೆಯೇ ಉಪಯೋಗಕ್ಕೆ ಬರುತ್ತದೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಬ್ಯಾಂಕ್ ಉದ್ಯೋಗಿ, ಬೆಂಗಳೂರು